ನೂರೆಂಟು ಎಣಿಸುವಷ್ಟು ಹೊತ್ತು

ಕಾಶಿಯಲ್ಲಿ ಆರು ವರ್ಷ ಇದ್ದೇನೆ. ಇಲ್ಲಿ ವಿಚಿತ್ರ ಕತೆಗಳಿಗೆ ಬರವಿಲ್ಲ. ಮಣಿಕರ್ಣಿಕೆಯಲ್ಲಿ ತಂದೆಯ ದಹನ ಮುಗಿಸಿ ಬಂದ ರಾತ್ರಿ ಲಾಡ್ಜಿನ ಬಾಗಿಲು ತಟ್ಟಿದ ಅದೇ ತಂದೆ, ಹೊಳೆಯಲ್ಲಿ ಕಳೆದುಹೋದ ಉಂಗುರ ಮರುವರ್ಷ ಅದೇ ಮೆಟ್ಟಿಲ ಮೇಲೆ ಸಿಕ್ಕಿದ್ದು, ಹೀಗೆ. ನಮ್ಮ ಕಡೆಯಿಂದ ಬರುವ ಯಾತ್ರಿಕರು ಕೇದಾರ ಘಾಟಿನ ಹೋಟೆಲುಗಳಲ್ಲಿ ಇಡ್ಲಿ ತಿನ್ನುತ್ತ ಇವನ್ನೆಲ್ಲ ಹೇಳುತ್ತಿದ್ದರೆ ನಾನು ಸಾಂಬಾರಿನ ಬಟ್ಟಲಿಗೆ ಮುಖ ಬಗ್ಗಿಸಿ ನಗುತ್ತಿದ್ದೆ. ನಾನು ಓದಿದ್ದು ಎಂಜಿನಿಯರಿಂಗ್, ಮಾಡುವುದು ಕಂಪ್ಯೂಟರ್ ಜಾಲದ ಕೆಲಸ. ನನ್ನ ಯಂತ್ರಗಳು ಏನೇ ಮಾಡಿದರೂ ಗಂಟೆ, ನಿಮಿಷ, ಸೆಕೆಂಡು ಸಮೇತ ಒಂದು ಸಾಲು ಬರೆದಿಡುತ್ತವೆ. ಕಾರಣ ಗೊತ್ತಾಗಲಿಲ್ಲ ಎಂದರೆ ಆ ಸಾಲನ್ನು ಸರಿಯಾಗಿ ಓದಿಲ್ಲ ಎಂದೇ ಅರ್ಥ ಎಂದು ನಂಬಿದ್ದವಳು ನಾನು.

ಈಗ ಬರೆಯುತ್ತಿರುವುದು ಅಂಥ ಒಂದು ಸಾಲಿನ ವಿಷಯ. ಇಷ್ಟು ದಿನ ಬರೆಯದೆ ಇದ್ದದ್ದು ನೀವು ನಗುತ್ತೀರಿ ಎಂಬ ಅಂಜಿಕೆಯಿಂದಲ್ಲ. ಅದರಲ್ಲಿಯ ವಿಚಿತ್ರವನ್ನು ಹೇಳಹೊರಟರೆ ಅದರ ಜೊತೆಗೆ ನಾನು ಮಾಡಿದ್ದನ್ನೂ ಹೇಳಬೇಕಾಗುತ್ತದೆ.

ನಾನು ಕೆಲಸ ಮಾಡುವ ಆಸ್ಪತ್ರೆ ಊರಿನ ದಕ್ಷಿಣದಲ್ಲಿದೆ. ಕೇದಾರ ಘಾಟಿನ ಓಣಿಯೊಳಗೆ ನಮ್ಮ ಕರ್ನಾಟಕದ ಮಠವೊಂದರ ಯಾತ್ರಿನಿವಾಸವಿದೆ. ಅದರ ಮಾಳಿಗೆಯಲ್ಲಿ ಒಂದು ಚಿಕ್ಕ ದವಾಖಾನೆ. ಅಲ್ಲಿ ವೈದ್ಯರಿಲ್ಲ, ನರ್ಸ್ ಒಬ್ಬಳಿದ್ದಾಳೆ. ಯಾತ್ರಿಕರಿಗೆ ಎದೆನೋವು ಬಂದರೆ ಅವಳು ಇಸಿಜಿ ತೆಗೆಯುತ್ತಾಳೆ, ಅದು ಜಾಲದ ಮೂಲಕ ನಮ್ಮ ಆಸ್ಪತ್ರೆಯ ಹೃದಯತಜ್ಞೆಯ ಪರದೆಗೆ ಬರುತ್ತದೆ, ಅವರು ನೋಡಿ ಹೇಳುತ್ತಾರೆ. ಈ ಎರಡು ತುದಿಗಳ ನಡುವಿನ ದಾರಿಯನ್ನು ಕಾಯುವುದು ದವಾಖಾನೆಯಲ್ಲಿರುವ ಫೈರ್‌ವಾಲ್ ಎಂಬ ಡಬ್ಬಿ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ತೀರ್ಮಾನಿಸುವ ಬಾಗಿಲುಕಾವಲಿನಂಥದು. ಅದನ್ನು ಆಸ್ಪತ್ರೆಯಲ್ಲಿ ಕೂತೇ ನೋಡಿಕೊಳ್ಳುವುದು ನನ್ನ ಕೆಲಸ.

ದವಾಖಾನೆಯ ಉಸ್ತುವಾರಿ ಗುರುಪಾದಯ್ಯನವರದು. ಬಾಗಲಕೋಟೆ ಕಡೆಯವರು, ಹರೆಯದಲ್ಲಿ ಮಠದ ಸೇವೆಗೆಂದು ಬಂದು ಇಲ್ಲೇ ಉಳಿದವರು. ಬೀಗ, ದೀಪ, ನೀರು, ಯಾತ್ರಿಕರ ಸರದಿ, ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಡಬ್ಬಿ ದಿನವೂ ಮಧ್ಯಾಹ್ನ ಹನ್ನೆರಡೂವರೆಯ ಆಸುಪಾಸಿಗೆ ತಪ್ಪದೆ ಸಂಪರ್ಕ ಕಳೆದುಕೊಳ್ಳುತ್ತಿತ್ತು. ಮೂರು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ಒಂದು ದಿನ ಅಲ್ಲಿಗೇ ಹೋಗಿ ಕೂತೆ. ಕೆಳಗಿನ ಗುಡಿಯಲ್ಲಿ ಮಧ್ಯಾಹ್ನದ ನೈವೇದ್ಯವಾಗಿ ಗಂಟೆ ಬಾರಿಸಿ ಈಶ್ವರನ ಬಾಗಿಲು ಹಾಕಿದರು. ಅಯ್ಯನವರು ಮೆಟ್ಟಿಲು ಹತ್ತಿ ಬಂದರು, ಗೋಡೆಯ ಸ್ವಿಚ್ ಆರಿಸಿದರು, ಪಕ್ಕದಲ್ಲೇ ನಿಂತು ಕಣ್ಣು ಮುಚ್ಚಿ ಬೆರಳ ಗೆಣ್ಣಿನ ಮೇಲೆ ನೂರೆಂಟು ಸಲ ಪಂಚಾಕ್ಷರಿ ಎಣಿಸಿ ಮತ್ತೆ ಹಚ್ಚಿದರು.

ಅವರು ತಾವಾಗಿ ಹುಟ್ಟಿಸಿಕೊಂಡ ಆಚಾರವಲ್ಲ ಅದು. ಹಿಂದೆ ಇದ್ದ ಹಳೆಯ ಡಬ್ಬಿ ಬೇಸಿಗೆಯಲ್ಲಿ ಕಾದು ನಿಂತುಬಿಡುತ್ತಿತ್ತಂತೆ. ಆಗಿನ ಎಂಜಿನಿಯರ್ ದಿನಕ್ಕೊಮ್ಮೆ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಹಚ್ಚಿ ಎಂದು ಹೇಳಿ ಹೋಗಿದ್ದ. ಎಷ್ಟು ಹೊತ್ತು ಎಂದು ಅವನು ಹೇಳಿರಲಿಲ್ಲ. ಇವರು ತಮಗೆ ಗೊತ್ತಿದ್ದ ಅಳತೆ ಹಾಕಿಕೊಂಡರು. ಡಬ್ಬಿ ಬದಲಾಯಿತು, ಎಂಜಿನಿಯರ್ ಬದಲಾದ, ಇವರಿಗೆ ಬೇಡ ಎಂದವರು ಯಾರೂ ಇರಲಿಲ್ಲ.

ನಾನು ಕೇಳಿದಾಗ ನಕ್ಕರು. "ಒಳಗಿನ ಈಶ್ವರನs ಊಟ ಆದಮ್ಯಾಲ ಒಂದೀಟು ಅಡ್ಡಾಗತಾನ ತಂಗಿ. ನಿಮ್ಮ ಪೆಟಗಿ ಅವನಕಿಂತ ದೊಡ್ಡದೇನು?"

ಬೆಂಚಿನ ಮೇಲೆ ಕೂತಿದ್ದ ಯಾತ್ರಿಕರೂ ನಕ್ಕರು. ಅವರು ನಕ್ಕದ್ದು ನನ್ನನ್ನು ನೋಡಿ ಎಂದು ನನಗನ್ನಿಸಿತು. "ಇದು ದೇವರಲ್ಲ ಅಯ್ನೋರೆ, ಮಷೀನು. ಇನ್ನೊಂದ್ಸಲ ಮುಟ್ಟಿದ್ರೆ ನಿಮ್ಮ ಮೇಲೆ ದೂರು ಬರೆದುಕೊಡ್ತೀನಿ" ಎಂದೆ. ನನ್ನ ತಂದೆಯ ವಯಸ್ಸಿನವರು. ಮುಖದ ಮೇಲಿನ ನಗೆ ಹಾಗೇ ಇತ್ತು, ಆದರೆ ಅದನ್ನು ಎಲ್ಲಿಡಬೇಕೋ ಅವರಿಗೆ ತಿಳಿಯದಂತಾಯಿತು.

ಅಷ್ಟಕ್ಕೇ ನಾನು ಬಿಡಲಿಲ್ಲ. ಆ ವಾರವೇ ಗೋಡೆಯ ಸ್ವಿಚ್ಚನ್ನು ಕೀಳಿಸಿ ಸಿಮೆಂಟ್ ಮೆತ್ತಿಸಿ ಸುಣ್ಣ ಬಳಿಸಿದೆ. ಮೇನ್‌ನಿಂದ ನೇರ ತಂತಿ ಎಳೆಸಿ, ಕರೆಂಟು ಹೋದರೂ ಎರಡು ಗಂಟೆ ನಡೆಯುವಂಥ ಯುಪಿಎಸ್ ಇರಿಸಿ, ಅದನ್ನೂ ಡಬ್ಬಿಯನ್ನೂ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಇದ್ದದ್ದು ಒಂದೇ ಕೀಲಿ. ಅದನ್ನು ನನ್ನ ಮನೆಯ ಕೀಲಿಗೊಂಚಲಿಗೆ ಸೇರಿಸಿಕೊಂಡೆ. ಅಂದಿನಿಂದ ಮಧ್ಯಾಹ್ನದ ಸಂಪರ್ಕ ತಪ್ಪಲಿಲ್ಲ. ಆಸ್ಪತ್ರೆಯಲ್ಲಿ ಮೆಚ್ಚಿಕೊಂಡರು.

ಇದಾಗಿ ಒಂದೂವರೆ ವರ್ಷಕ್ಕೆ ನಾನು ಹೇಳಬೇಕಾದ ದಿನ ಬಂತು. ಸಾವನ್ ತಿಂಗಳ ಸೋಮವಾರ. ಇಲ್ಲಿಯ ಸಾವನ್ ನಮ್ಮ ಶ್ರಾವಣಕ್ಕಿಂತ ಹದಿನೈದು ದಿನ ಮೊದಲು ಶುರುವಾಗುತ್ತದೆ. ಗುರುಪಾದಯ್ಯನವರು ಎರಡನ್ನೂ ಹಿಡಿಯುವವರು. ಒಂದೂವರೆ ತಿಂಗಳು ಸೋಮವಾರಗಳೆಲ್ಲ ಉಪವಾಸ. ಆ ದಿನ ಶಿವನ ಅಭಿಷೇಕಕ್ಕೆ ಗಂಗೆಯ ನೀರು ಹೊರಲು ಬಂದ ಭಕ್ತರಿಂದ ಬೀದಿಗಳು ತುಂಬಿ, ವಾಹನಗಳನ್ನು ನಿಲ್ಲಿಸಿದ್ದರು. ಗಂಗೆ ಏರಿದ್ದರಿಂದ ದೋಣಿಗಳೂ ಬಂದ್. ಹಾಗಾಗಿ ದವಾಖಾನೆಗೆ ಹೋಗಿ ಮಾಡಬೇಕೆಂದುಕೊಂಡಿದ್ದ ಒಂದು ಬದಲಾವಣೆಯನ್ನು ಕೂತಲ್ಲಿಂದಲೇ ಮಾಡಿಬಿಡೋಣ ಎಂದುಕೊಂಡೆ.

ನಮ್ಮ ಕಸುಬಿನಲ್ಲಿ ಹಿರಿಯರು ಮೊದಲ ವಾರವೇ ಹೇಳಿಕೊಡುವ ಒಂದು ಪಾಠವಿದೆ. ದೂರದಿಂದ ಫೈರ್‌ವಾಲಿನ ನಿಯಮ ಬದಲಿಸುವ ಮುಂಚೆ, ಹತ್ತು ನಿಮಿಷದಲ್ಲಿ ನಿನ್ನಷ್ಟಕ್ಕೆ ನೀನೇ ಆರಿ ಹತ್ತಿಕೋ ಎಂದು ಅದಕ್ಕೊಂದು ಆಜ್ಞೆ ಕೊಟ್ಟಿರಬೇಕು. ಬದಲಾವಣೆ ಸರಿಯಾದರೆ ಆ ಆಜ್ಞೆ ರದ್ದು ಮಾಡಿ ಹೊಸ ನಿಯಮವನ್ನು ಉಳಿಸಿಕೊಳ್ಳುವುದು. ತಪ್ಪಾಗಿ ನೀವೇ ಹೊರಗೆ ಉಳಿದರೆ, ಡಬ್ಬಿ ಆರಿ ಹತ್ತಿದಾಗ ಉಳಿಸದ ನಿಯಮ ಮರೆತು ಹಳೆಯದಕ್ಕೆ ಮರಳುತ್ತದೆ. ಆ ದಿನ ನಾನು ಆ ಆಜ್ಞೆ ಕೊಡಲಿಲ್ಲ. ಎರಡು ಸಾಲಿನ ಕೆಲಸ, ಅದಕ್ಯಾಕೆ ಎನ್ನಿಸಿತು. ಎಲ್ಲರನ್ನೂ ತಡೆ ಎಂಬ ಸಾಲನ್ನು ಆಸ್ಪತ್ರೆಯನ್ನು ಬಿಡು ಎಂಬ ಸಾಲಿನ ಕೆಳಗೆ ಹಾಕಬೇಕಿತ್ತು, ಮೇಲೆ ಹಾಕಿದೆ. ಎಂಟರ್ ಒತ್ತಿದ ಕ್ಷಣ ಪರದೆ ನಿಂತುಹೋಯಿತು. ಹನ್ನೆರಡು ಗಂಟೆ ನಾಲ್ಕು ನಿಮಿಷ. ನನ್ನ ಬಾಗಿಲನ್ನು ನಾನೇ ಹೊರಗಿನಿಂದ ಹಾಕಿಕೊಂಡಿದ್ದೆ.

ನರ್ಸ್ ಸುಮಿತ್ರಾಳ ಫೋನ್ ಬಂದದ್ದು ಹನ್ನೆರಡೂ ಹತ್ತಕ್ಕೆ. ಅವಳು ಇಲ್ಲೇ ಹುಟ್ಟಿ ಬೆಳೆದ ನಮ್ಮವರ ಹುಡುಗಿ. ಅವಸರವಾದರೆ ಕನ್ನಡದೊಳಗೆ ಹಿಂದಿ ನುಗ್ಗುತ್ತದೆ. "ದೀದಿ, ಲೈನ್ ಬಂದ್ ಅದ. ಅಯ್ಯಾ ಅವರಿಗೆ ಸೀನೆದಾಗ ದರ್ದ್. ಇಸಿಜಿ ತೆಗದೀನಿ, ಹೋಗವಲ್ದು."

ಯಾವ ಅಯ್ಯಾ ಎಂದು ಕೇಳಬೇಕಾಗಿರಲಿಲ್ಲ.

ಇಸಿಜಿಯ ಕಾಗದದ ಸುರುಳಿ ಮುಗಿದಿತ್ತು. ಪರದೆಯ ಫೋಟೋ ತೆಗೆದು ಮೊಬೈಲಿನಲ್ಲಿ ಕಳಿಸಲು ನೋಡಿದ್ದಳು, ಆ ಜನಜಂಗುಳಿಯಲ್ಲಿ ಅದೂ ಹೋಗುತ್ತಿರಲಿಲ್ಲ. ಮಾತೇ ಕಡಿದು ಕಡಿದು ಕೇಳುತ್ತಿತ್ತು. ಅಯ್ಯನವರು ಉಪವಾಸದ ಪಿತ್ತ ಎಂದು ಹಟ ಹಿಡಿದು, ಡಾಕ್ಟರ್ ನೋಡಿ ಹೇಳುವವರೆಗೆ ಏಳುವುದಿಲ್ಲ ಎನ್ನುತ್ತಿದ್ದರಂತೆ. ಲೈನ್ ಯಾಕೆ ಹೋಗಿದೆ ದೀದಿ ಎಂದು ಕೇಳಿದಳು.

ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಬರೆಯಬೇಕು. ನನಗೆ ಕಾರಣ ಗೊತ್ತಿತ್ತು, ಉಪಾಯವೂ ಗೊತ್ತಿತ್ತು. ಕಪಾಟಿನ ಬಾಗಿಲಿಗೆ ಗಾಜಿದೆ. ಕೈಗೆ ಸಿಕ್ಕ ಯಾವುದಾದರೂ ಗಟ್ಟಿ ವಸ್ತುವಿನಿಂದ ಗಾಜು ಒಡೆದು, ಡಬ್ಬಿಯ ತಂತಿ ಕಿತ್ತು ಮತ್ತೆ ಸಿಕ್ಕಿಸು ಎಂದಿದ್ದರೆ ಸಾಕಿತ್ತು. ಐದಾರು ನಿಮಿಷದಲ್ಲಿ ಎಲ್ಲ ಸರಿಹೋಗುತ್ತಿತ್ತು. ನಾನು ಹೇಳಲಿಲ್ಲ. ಗಾಜು ಒಡೆದರೆ ಯಾಕೆ ಒಡೆಸಿದೆ ಎಂಬ ಪ್ರಶ್ನೆ ಬರುತ್ತದೆ. "ಇಲ್ಲಿಂದ ಎಲ್ಲಾ ಸರಿ ಇದೆ ಸುಮಿ. ಇಂಟರ್‌ನೆಟ್ ಕೊಡೋರ ಕಡೆ ಏನೋ ಆಗಿರ್ಬೇಕು. ನೋಡ್ತೀನಿ, ನಾನೇ ಬರ್ತಿದೀನಿ" ಎಂದೆ.

ಈ ಮೂರು ವಾಕ್ಯಗಳಲ್ಲಿ ಕೊನೆಯದೊಂದು ನಿಜವಾಗಿತ್ತು. ಕೀಲಿಗೊಂಚಲು ತೆಗೆದುಕೊಂಡು ಹೊರಟೆ. ಮಾಮೂಲಿ ದಿನ ಮುಕ್ಕಾಲು ಗಂಟೆಯ ನಡಿಗೆ. ಆ ದಿನ ಕೇಸರಿ ಬಟ್ಟೆಯವರ ಸಾಲುಗಳು ಎದುರಿನಿಂದ ಬರುತ್ತಿದ್ದವು, ಅಡ್ಡಕ್ಕೆ ಕಟ್ಟಿದ ಬಿದಿರುಗಳ ಸಂದಿಯಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಿದ್ದರು. ಎರಡು ಕಡೆ ಪೊಲೀಸರ ಮುಂದೆ ಕೈ ಮುಗಿದೆ. ನಡುವೆ ಎರಡು ಸಲ ಸುಮಿತ್ರಾಳ ಫೋನ್ ಬಂತು. ಎರಡನೆಯ ಸಲ ಅವಳು, ಅವರಿಗೆ ಬೆವರು ಬಿಡ್ತಿದೆ ದೀದಿ, ಕೈ ತಣ್ಣಗಾಗಿದೆ ಎಂದಳು. ಆಗಲೂ ನಾನು ಗಾಜಿನ ಮಾತು ಎತ್ತಲಿಲ್ಲ. ಇನ್ನೇನು ಬಂದುಬಿಡುತ್ತೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಇನ್ನೂ ಅರ್ಧ ದಾರಿಯೂ ಸವೆದಿರಲಿಲ್ಲ. ಇವತ್ತಿಗೂ ನಾನು ಆ ರಸ್ತೆಯಲ್ಲಿ ನಡೆಯುವಾಗ ಇಲ್ಲಿ ಹೇಳಬಹುದಿತ್ತು, ಇಲ್ಲಿ ಹೇಳಬಹುದಿತ್ತು ಎಂದು ಒಂದೊಂದು ಅಂಗಡಿಯೂ ನೆನಪಿಸುತ್ತದೆ.

ಬಿದಿರಿನ ಇನ್ನೊಂದು ತಡೆಯಲ್ಲಿ ಸಿಕ್ಕಿಬಿದ್ದಿದ್ದಾಗ ಮತ್ತೆ ಫೋನ್. ಎತ್ತಲು ಧೈರ್ಯ ಬರಲಿಲ್ಲ, ಆದರೂ ಎತ್ತಿದೆ. "ದೀದಿ, ಲೈನ್ ಬಂತು. ಹೋಯ್ತು ಇಸಿಜಿ. ಡಾಕ್ಟರ್ ಮೇಡಂ ನೋಡ್ಯಾರ, ಗಾಡಿ ಕಳಸ್ತಾರಂತ."

ಅದು ಹೃದಯಾಘಾತವೇ ಆಗಿತ್ತು. ಆಮೇಲೆ ತಿಳಿದದ್ದು: ಡಾಕ್ಟರ್ ತಕ್ಷಣ ಕೊಡಬೇಕಾದ ಮಾತ್ರೆ ಹೇಳಿ, ಪೊಲೀಸರಿಗೆ ಹೇಳಿಸಿ ಆಂಬುಲೆನ್ಸಿಗೆ ದಾರಿ ಬಿಡಿಸಿದರು. ಮಠದ ನಾಲ್ವರು ಅವರನ್ನು ಮಂಚ ಸಮೇತ ಓಣಿಯಿಂದ ಹೊತ್ತು ರಸ್ತೆಗೆ ತಂದರು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರ್. ಅಯ್ಯನವರು ಬದುಕಿದರು.

ನಾನು ದವಾಖಾನೆ ತಲುಪಿದಾಗ ಒಂದೂವರೆ ದಾಟಿತ್ತು. ಸುಮಿತ್ರಾ ಮಂಚವಿದ್ದ ಖಾಲಿ ಜಾಗದ ಪಕ್ಕ ನೆಲದ ಮೇಲೆ ಕೂತಿದ್ದಳು. ಕಪಾಟಿಗೆ ಬೀಗ ಹಾಕಿದಂತೆಯೇ ಇತ್ತು, ಗಾಜು ಹಾಗೇ ಇತ್ತು. ಬೀಗ ತೆಗೆದು ಕಂಪ್ಯೂಟರ್ ಜೋಡಿಸಿ ದಾಖಲೆ ನೋಡಿದೆ. ಹನ್ನೆರಡೂ ಮೂವತ್ತೊಂದಕ್ಕೆ ಡಬ್ಬಿ ಆರಿತ್ತು. ಕಾರಣ ಎಂಬಲ್ಲಿ, ವಿದ್ಯುತ್ ಕಡಿತ. ಆರಿ ಹತ್ತಿಕೋ ಎಂಬ ಆಜ್ಞೆಯನ್ನು ನಾನೇ ಕೊಟ್ಟು ಮರೆತಿದ್ದೆನೇನೋ ಎಂಬ ಒಂದು ಆಸೆಯಿತ್ತು. ಹಾಗಾಗಿದ್ದರೆ ಅಲ್ಲಿ ಬೇರೆ ಪದ ಇರುತ್ತಿತ್ತು. ಅದೇ ಯುಪಿಎಸ್‌ಗೆ ಸಿಕ್ಕಿಸಿದ, ಅದೇ ಕಪಾಟಿನಲ್ಲಿರುವ ಇಂಟರ್‌ನೆಟ್‌ನವರ ರೌಟರ್ ಮಾತ್ರ ಆರಿರಲಿಲ್ಲ. ಎಷ್ಟೋ ದಿನಗಳಿಂದ ಎಡೆಬಿಡದೆ ನಡೆಯುತ್ತಿತ್ತು. ಪಕ್ಕದ ಡಬ್ಬಿ ಯಾವಾಗ ಆರಿತು, ಯಾವಾಗ ಹತ್ತಿತು ಎಂಬುದನ್ನು ಅದು ಬರೆದಿಟ್ಟಿತ್ತು. ನಡುವೆ ನಾಲ್ಕು ನಿಮಿಷಕ್ಕೆ ಸ್ವಲ್ಪ ಕಡಿಮೆ.

ತಂತಿ ಸಡಿಲವಾಗಿದ್ದರೆ ಅರೆಕ್ಷಣ ಆರಿ ಹತ್ತಿಕೊಳ್ಳುತ್ತದೆ, ಇಲ್ಲವೇ ಆರಿಯೇ ಇರುತ್ತದೆ. ಎಳೆದು ನೋಡಿದೆ, ಬಿಗಿಯಾಗಿತ್ತು. ಒಂದೂವರೆ ವರ್ಷದ ಹಿಂದಿನ ಹಳೆಯ ದಾಖಲೆಗಳು ನನ್ನ ಕಂಪ್ಯೂಟರಿನಲ್ಲಿದ್ದವು. ಅಯ್ಯನವರು ದಿನವೂ ಆರಿಸಿ ಹಚ್ಚುತ್ತಿದ್ದ ಕಾಲದವು. ಅಲ್ಲಿಯೂ ಪ್ರತಿದಿನ ಅಷ್ಟೇ ಹೊತ್ತು.

ಯಾರಾದರೂ ಈ ಕೋಣೆಗೆ ಬಂದಿದ್ದರಾ ಎಂದು ಸುಮಿತ್ರಾಳನ್ನು ಕೇಳಿದೆ. ಇಲ್ಲ ಎಂದಳು. ಅಯ್ಯನವರು ಎದ್ದಿದ್ದರಾ? ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಅವರ ಕೈಯಾಗಿನ ನಬ್ಜ್ ಹಿಡಕೊಂಡs ಕೂತಿದ್ದೆ ದೀದಿ. ಕೆಳಗ ಘಂಟಿ ಆತು. ಕಣ್ಣ ಮುಚ್ಚಿದ್ರು. ಬೆರಳು ಮಾತ್ರ ಹಿಂಗ ಹಿಂಗ ಅಲುಗತಿದ್ದವು, ಎಣಸಿದಂಗ." ತನ್ನ ಹೆಬ್ಬೆರಳನ್ನು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡಿಸಿ ತೋರಿಸಿದಳು. ಜೀವ ಹೋಗುತ್ತಿದೆ ಎಂದುಕೊಂಡು ಅವಳು ಅತ್ತಿದ್ದಳಂತೆ.

ವಿಚಿತ್ರ ಇಷ್ಟೇ. ಇನ್ನುಳಿದದ್ದು ನನ್ನದು.

ಮೂರು ದಿನದ ನಂತರ ಆಸ್ಪತ್ರೆಯವರು ಸಂಪರ್ಕ ತಪ್ಪಿದ್ದರ ಬಗ್ಗೆ ವರದಿ ಕೇಳಿದರು. ನಾನು ಬರೆದೆ: ದವಾಖಾನೆಯಲ್ಲಿ ಫೈರ್‌ವಾಲಿಗೆ ವಿದ್ಯುತ್ ಕಡಿತವಾದದ್ದು ದಾಖಲೆಯಲ್ಲಿ ಕಂಡುಬಂದಿದೆ; ಹಿಂದೆಯೂ ಅಲ್ಲಿಯ ಸಿಬ್ಬಂದಿ ಮಧ್ಯಾಹ್ನದ ಹೊತ್ತು ಸಾಧನವನ್ನು ಆರಿಸುತ್ತಿದ್ದುದನ್ನು ಗಮನಿಸಿ ಎಚ್ಚರಿಕೆ ಕೊಡಲಾಗಿತ್ತು. ಇದರಲ್ಲಿ ಒಂದು ಪದವೂ ಸುಳ್ಳಲ್ಲ. ಸಂಪರ್ಕ ಹೋದದ್ದು ಹನ್ನೆರಡೂ ನಾಲ್ಕಕ್ಕೆ, ಡಬ್ಬಿ ಆರಿದ್ದು ಮೂವತ್ತೊಂದಕ್ಕೆ ಎಂದು ಬರೆಯಲಿಲ್ಲ. ಬೀಗದ ಮಾತು ಬರೆಯಲಿಲ್ಲ. ನನ್ನ ತಪ್ಪನ್ನು ಅಳಿಸಿ ಒಬ್ಬ ಮನುಷ್ಯನನ್ನು ಉಳಿಸಿದ ಆ ಒಂದು ಸಾಲನ್ನೇ ತೆಗೆದು ಅದೇ ಮನುಷ್ಯನ ತಲೆಗೆ ಕಟ್ಟಿದೆ. ಅವರು ಆಗ ನಮ್ಮದೇ ಆಸ್ಪತ್ರೆಯಲ್ಲಿ, ನನ್ನ ಕೋಣೆಯಿಂದ ಎರಡು ಮಹಡಿ ಮೇಲೆ ಮಲಗಿದ್ದರು. ನಾನು ಅವರನ್ನು ನೋಡಲು ಹೋಗಲಿಲ್ಲ.

ವರದಿ ಮಠಕ್ಕೆ ಹೋಯಿತು. ಗುಣವಾಗಿ ಮರಳಿದ ಅಯ್ಯನವರಿಂದ ದವಾಖಾನೆಯ ಉಸ್ತುವಾರಿ ತೆಗೆದರು. ವಯಸ್ಸಾಯಿತು, ವಿಶ್ರಾಂತಿ ಇರಲಿ ಎಂದು ಒಳ್ಳೆಯ ಮಾತಿನಲ್ಲೇ ಹೇಳಿದರಂತೆ. ಕೆಳಗೆ ಪ್ರಸಾದ ಕೊಡುವ ಕಿಟಕಿಯಲ್ಲಿ ಕೂರಿಸಿದರು. ಮಾಳಿಗೆಗೆ ಹೋಗಬಾರದು ಎಂದು ಯಾರೂ ಹೇಳಿರಲಿಲ್ಲ. ಅವರು ಹೋಗುತ್ತಿರಲಿಲ್ಲ ಎಂದು ಸುಮಿತ್ರಾ ಹೇಳಿದಳು.

ಕಾರ್ತಿಕದಲ್ಲಿ ಒಂದು ಮಧ್ಯಾಹ್ನ, ಒಪ್ಪಿಕೊಂಡುಬಿಡೋಣ ಎಂದು ನಿಶ್ಚಯಿಸಿ ಹೋದೆ. ತೀರ ಸೊರಗಿದ್ದರು. ನನ್ನನ್ನು ಕಂಡ ಕೂಡಲೆ ಕಿಟಕಿಯೊಳಗಿಂದ ಎದ್ದು ನಿಂತರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರುಮಾಡಿದರು.

"ತಂಗಿ, ನಂದು ತಪ್ಪಾತು. ನೀ ಅಷ್ಟು ಹೇಳಿದ್ದಿ, ಆದ್ರೂ ಆರಿಸಿಬಿಟ್ಟೆ."

ನೀವು ಆರಿಸಿಲ್ಲ ಅಯ್ನೋರೆ, ನೀವು ಮಂಚದ ಮೇಲಿದ್ರಿ ಎಂದೆ.

"ಅಲ್ಲ, ನನಗ ನೆನಪೈತಿ. ಮೊದಲ ಇರಲಿಲ್ಲ. ಮಠದ ಮ್ಯಾನೇಜರ ನಿನ್ನ ಕಾಗದ ಓದಿ ಹೇಳಿದಮ್ಯಾಲ ಒಂದೊಂದs ನೆನಪಾತು. ಘಂಟಿ ಆತು. ಎದ್ದೆ. ಎದಿ ಹಗರಾಗಿತ್ತು, ನೋವು ಇರಲಿಲ್ಲ. ಗ್ವಾಡಿ ಸ್ವಿಚ್ ಒತ್ತಿ ನೂರಾಎಂಟು ಎಣಿಸಿ ಮತ್ತ ಹಚ್ಚಿದೆ. ನೀ ಬರದದ್ದು ಸುಳ್ಳ ಹ್ಯಾಂಗಾದೀತು?"

ನಾನು ಎಲ್ಲವನ್ನೂ ಹೇಳಿದೆ. ಎರಡು ಸಾಲು ಅದಲುಬದಲಾದದ್ದು, ಗಾಜಿನ ಮಾತು, ದಾರಿಯಲ್ಲಿ ಸುಮ್ಮನಿದ್ದದ್ದು, ವರದಿ. ಕಿಟಕಿಯ ಮುಂದೆ ಪ್ರಸಾದಕ್ಕೆ ಸಾಲು ನಿಂತಿತ್ತು. ಹುಬ್ಬಳ್ಳಿ ಕಡೆಯ ಹೆಂಗಸರು ಕೇಳಿಸಿಕೊಳ್ಳುತ್ತಿದ್ದರು. ಅಯ್ಯನವರು ತಲೆಯಾಡಿಸುತ್ತ ಕೇಳಿದರು. ಕೊನೆಗೆ ನನ್ನ ಕೈಯಲ್ಲಿ ಎರಡು ತುಂಡು ಕಲ್ಲುಸಕ್ಕರೆ ಇಟ್ಟು, "ದೊಡ್ಡ ಮನಸು ತಂಗಿ ನಿಂದು. ಮುದುಕನ ತಪ್ಪ ನಿನ್ನ ಮ್ಯಾಲ ಹಾಕ್ಕೊಳ್ಳಾಕ ಬಂದಿ" ಎಂದರು. ಸಾಲಿನಲ್ಲಿದ್ದ ಒಬ್ಬಾಕೆ ನನ್ನನ್ನು ನೋಡಿ ಕೈ ಮುಗಿದಳು.

ಮರುದಿನ ನಿಜವಾದ ಸಮಯಗಳನ್ನು ಹಾಕಿ ಇನ್ನೊಂದು ವರದಿ ಬರೆದು ಆಸ್ಪತ್ರೆಗೂ ಮಠಕ್ಕೂ ಕೊಟ್ಟೆ. ಆಸ್ಪತ್ರೆಯಲ್ಲಿ ಎಚ್ಚರಿಕೆಯ ಪತ್ರ ಕೊಟ್ಟರು, ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಮಠದ ಮ್ಯಾನೇಜರ್ ಓದಿ, ಆದರೆ ಅವರೇ ಒಪ್ಪಿಕೊಂಡಿದ್ದಾರಲ್ಲ ಮೇಡಂ, ಎಂದರು. ಮತ್ತೆ ಕೇಳಿದರೂ ಅಯ್ಯನವರು ಅದನ್ನೇ ಹೇಳುತ್ತಾರೆ. ಪ್ರತಿಸಲವೂ ಸ್ವಲ್ಪ ಹೆಚ್ಚು ಸ್ಪಷ್ಟವಾಗಿ. ಆ ದಿನ ಅವರ ಕಣ್ಣು ಮುಚ್ಚಿದ್ದಾಗ ನಿಜಕ್ಕೂ ಏನಾಯಿತು ಎಂದು ಯಾರನ್ನಾದರೂ ಕೇಳಬಹುದಾಗಿದ್ದರೆ ಅವರನ್ನು ಮಾತ್ರ ಕೇಳಬಹುದಿತ್ತು. ಅವರ ನೆನಪಿನೊಳಗೆ ಈಗ ನಾನು ಬರೆದದ್ದು ಸೇರಿಹೋಗಿದೆ. ಯಾವುದು ಅವರದು, ಯಾವುದು ನನ್ನದು ಎಂದು ಬೇರ್ಪಡಿಸಲು ನನಗೂ ಆಗುವುದಿಲ್ಲ, ಅವರಿಗೂ ಆಗುವುದಿಲ್ಲ.

ಅವರು ಒತ್ತಿದೆನೆನ್ನುವ ಸ್ವಿಚ್ ಆ ಗೋಡೆಯಲ್ಲಿಲ್ಲ. ಅದು ಅವರಿಗೂ ಗೊತ್ತಿದ್ದದ್ದೇ, ನಾನು ನೆನಪಿಸಿಲ್ಲ. ಸ್ವಿಚ್ಚಿದ್ದ ಜಾಗದಲ್ಲಿ ಸುಣ್ಣ ಉಳಿದ ಗೋಡೆಗಿಂತ ಸ್ವಲ್ಪ ಬೆಳ್ಳಗಿದೆ. ಕಪಾಟಿಗೆ ಬೀಗ ಹಾಕುವುದನ್ನು ನಾನು ಬಿಟ್ಟಿದ್ದೇನೆ. ಆ ದಿನದ ನಂತರ ಡಬ್ಬಿ ಒಮ್ಮೆಯೂ ಆರಿಲ್ಲ. ಕೆಲಸಕ್ಕೆಂದು ಹೋದಾಗ ಕೆಳಗೆ ಮಧ್ಯಾಹ್ನದ ಗಂಟೆಯಾದರೆ, ಸುಮಿತ್ರಾ ನೋಡದ ಹಾಗೆ ಆ ಬಿಳಿಯ ಜಾಗದ ಮೇಲೆ ಕೈಯಿಟ್ಟು ನಿಲ್ಲುತ್ತೇನೆ. ಬರೀ ಗೋಡೆ. ಆದರೂ ನೂರೆಂಟು ಎಣಿಸುವವರೆಗೆ ಕೈ ತೆಗೆಯುವುದಿಲ್ಲ.